4 ಗಂಟೆ ಬರಬೇಕಾದ ಯುಪಿಎಸ್ 50 ನಿಮಿಷಕ್ಕೇ ಕೂಗುತ್ತಿದೆ. ನಿಮ್ಮನೇಲಿ ಎಷ್ಟು ಹೊತ್ತು ಬರುತ್ತದೆ?

ಬೋಗಾದಿ ಮಹಡಿಮನೆ · ಶುಕ್ರವಾರ ರಾತ್ರಿ 10:12

ಬುಧವಾರದ ಗಾಳಿಮಳೆ ನೆನಪಿದೆಯಲ್ಲ? ನಮ್ಮ ರಸ್ತೆಯಲ್ಲಿ ಕೊಂಬೆ ಮುರಿದು ಲೈನ್ ಮೇಲೆ ಬಿತ್ತು. ಸಂಜೆ 6:30ಕ್ಕೆ ಹೋದ ಕರೆಂಟು ಬಂದಿದ್ದು ರಾತ್ರಿ 11ಕ್ಕೆ. ನಮ್ಮ ಯುಪಿಎಸ್ 7:20ಕ್ಕೇ ಕೀ ಕೀ ಎಂದು ಕೂಗಿ ಆಫ್ ಆಯಿತು. ಬರೀ 50 ನಿಮಿಷ! ಆಮೇಲೆ ಅಮ್ಮ ಬೀಸಣಿಗೆ ಹಿಡಿದು ಕೂತರು. ಮಗಳಿಗೆ ಎರಡನೇ ಪಿಯುಸಿ. ಮೊಬೈಲ್ ಟಾರ್ಚ್‌ನಲ್ಲಿ ಓದಿದಳು.

900 ವಿಎ ಯುಪಿಎಸ್, 150 ಎಎಚ್ (ಆಂಪಿಯರ್ ಅವರ್) ಟ್ಯೂಬುಲರ್ ಬ್ಯಾಟರಿ, ನೀರು ಹಾಕುವ ಸೀಸದ್ದು. ತಂದು ನಾಲ್ಕು ವರ್ಷ. ಎರಡು ಫ್ಯಾನ್, ನಾಲ್ಕು ಎಲ್‌ಇಡಿ ಬಲ್ಬು, ಟಿವಿ, ವೈಫೈ. ಅದರ ಮೇಲಿರುವುದು ಇಷ್ಟೇ. "ನಾಲ್ಕು ಗಂಟೆ ಆರಾಮಾಗಿ ಬರುತ್ತೆ ಮೇಡಂ" ಎಂದು ಅಂಗಡಿಯವರು ಹೇಳಿದ್ದರು. ಮೊದಲ ವರ್ಷ ಬಂದಿದ್ದೂ ನಿಜ. ಈಗ ಫೋನ್ ಮಾಡಿದರೆ ಬ್ಯಾಟರಿಯ ಮುಖ ಕೂಡ ನೋಡದೆ "ಬದಲಾಯಿಸಿಬಿಡಿ" ಎನ್ನುತ್ತಾರೆ. ನಿಜಕ್ಕೂ ಹೋಗಿದೆಯಾ? ನಿಮ್ಮ ನಿಮ್ಮ ಮನೆಯ ಲೆಕ್ಕ ಹೇಳಿ. ಅಂಗಡಿ ಲೆಕ್ಕ ಬೇಡ.

ಮದ್ದೂರ್ ವಡೆ · 10:20

ನಮ್ಮಲ್ಲಿ ಲೈನ್‌ಮ್ಯಾನ್ ಊಟ ಮುಗಿಸಿ ಬರುವ ತನಕ ಬರುತ್ತದೆ.

ಕಬ್ಬಿನ ಗಾಣ · 10:24

ವಡೆ, ಸುಮ್ನಿರು. ಆ ಮಳೆಯಲ್ಲಿ ಕಂಬ ಹತ್ತುವವನಿಗೆ ಗೊತ್ತು ಕಷ್ಟ. ನನ್ನ ಭಾವಮೈದ ಅದೇ ಕೆಲಸದಲ್ಲಿದ್ದಾನೆ. ಬುಧವಾರ ರಾತ್ರಿ ಅವನು ಊಟ ಮಾಡಿದ್ದು ಒಂದೂವರೆಗೆ.

ಮದ್ದೂರ್ ವಡೆ · 10:25

ತಪ್ಪಾಯ್ತಣ್ಣ.

ನಿವೃತ್ತ ಮೇಷ್ಟ್ರು · 10:51

ಸರಸ್ವತಿಪುರಂನಿಂದ. ಮೂವತ್ತು ವರ್ಷ ಫಿಸಿಕ್ಸ್ ಪಾಠ ಮಾಡಿದವನು, ಆದ್ದರಿಂದ ಉದ್ದವಾಗುತ್ತದೆ. ಬೇಡವಾದವರು ಮುಂದಿನ ಉತ್ತರಕ್ಕೆ ಹೋಗಬಹುದು.

12 ವೋಲ್ಟ್ × 150 ಎಎಚ್ = 1800 ವ್ಯಾಟ್ ಅವರ್, ಅಂದರೆ 1800 ವ್ಯಾಟ್ ಲೋಡನ್ನು ಒಂದು ಗಂಟೆ ನಡೆಸುವಷ್ಟು. ಅಂಗಡಿಯವರು ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ. ಆದರೆ ಬ್ಯಾಟರಿಯ ಕರೆಂಟನ್ನು 230 ವೋಲ್ಟಿಗೆ ಏರಿಸುವಾಗ ಯುಪಿಎಸ್ ತನ್ನ ಪಾಲು ತಿನ್ನುತ್ತದೆ. ಹತ್ತರಲ್ಲಿ ಎರಡು ಪಾಲು ಹೋಯಿತು ಅಂದುಕೊಳ್ಳಿ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಮನೆ ಬ್ಯಾಟರಿಯ ಮೇಲಿನ 150 ಎಎಚ್ ಎನ್ನುವುದು 20 ಗಂಟೆಯ ಲೆಕ್ಕ. ಅಂದರೆ 7.5 ಆಂಪಿಯರ್‌ನಂತೆ ನಿಧಾನವಾಗಿ ಎಳೆದರೆ 20 ಗಂಟೆ ಬರುತ್ತದೆ. ಲೇಬಲ್ ಮೇಲೆ ಸಿ20 ಎಂದು ಸಣ್ಣದಾಗಿ ಬರೆದಿರುತ್ತದೆ, ನೋಡಿ. ನೀವು 300 ವ್ಯಾಟ್ ಹಾಕಿದರೆ ಬ್ಯಾಟರಿಯಿಂದ ಹೊರಡುವುದು 31 ಆಂಪಿಯರ್. ಅಷ್ಟು ಜೋರಾಗಿ ಎಳೆದರೆ 150 ಪೂರ್ತಿ ಸಿಗುವುದಿಲ್ಲ, 120ರ ಸುತ್ತಮುತ್ತ ಸಿಗುತ್ತದೆ. 120ನ್ನು 31ರಿಂದ ಭಾಗಿಸಿ. ನಾಲ್ಕು ಗಂಟೆಗೆ ಸ್ವಲ್ಪ ಕಡಿಮೆ. ಹೊಸ ಬ್ಯಾಟರಿಗೆ ಅಂಗಡಿಯವರು ಹೇಳಿದ್ದು ಸುಳ್ಳಲ್ಲ.

ಈಗ ನಿಮ್ಮದು. ಫ್ಯಾನ್ ಹಳೆಯದಾದರೆ ತಲಾ 75, ಎರಡಕ್ಕೆ 150. ಬಲ್ಬು 9ರಂತೆ 36. ಟಿವಿ 50–60. ವೈಫೈ 10. ಒಟ್ಟು 250. ನಾಲ್ಕು ವರ್ಷದ ಬ್ಯಾಟರಿ ನೂರರಲ್ಲಿ ಮೂವತ್ತು ಪಾಲು ಸೊರಗಿದೆ ಎಂದರೂ ಮೂರು ಗಂಟೆ ಬರಬೇಕಿತ್ತು. 50 ನಿಮಿಷ ಎಂದರೆ ನನ್ನ ಲೆಕ್ಕಕ್ಕೆ ಕೂರುತ್ತಿಲ್ಲ.

ಕಬ್ಬಿನ ಗಾಣ · 11:02

ಮೇಷ್ಟ್ರೇ, ಜೋರಾಗಿ ಎಳೆದರೆ ಕಡಿಮೆ ಸಿಗುತ್ತದೆ ಎಂದಿರಲ್ಲ, ಅದು ನಮ್ಮ ಆಲೆಮನೆಯ ಕತೆಯೇ. ಗಾಣಕ್ಕೆ ಒಂದೇ ಸಲ ಜಾಸ್ತಿ ಕಬ್ಬು ತುರುಕಿದರೆ ಸಿಪ್ಪೆಯಲ್ಲೇ ಹಾಲು ಉಳಿದುಬಿಡುತ್ತದೆ.

ನಿವೃತ್ತ ಮೇಷ್ಟ್ರು · 11:05

ಇದನ್ನು ಮೊದಲೇ ಹೇಳಿದ್ದರೆ ಮೂವತ್ತು ವರ್ಷ ಕ್ಲಾಸಿನಲ್ಲಿ ಹೇಳುತ್ತಿದ್ದೆ.

ಹೈಡ್ರೋಮೀಟರ್ · 11:30

ಮಂಡ್ಯದಲ್ಲಿ ಯುಪಿಎಸ್ ಸರ್ವಿಸ್ ಮಾಡುತ್ತೇನೆ. ಅಕ್ಕ, ಹೊಸದು ತರುವ ಮಾತು ಆಮೇಲೆ. ಕೊನೆಯ ಸಲ ನೀರು ಹಾಕಿದ್ದು ಯಾವಾಗ?

ಬೋಗಾದಿ ಮಹಡಿಮನೆ · 11:34

ಅದು... ಕಳೆದ ದಸರಾ ಆಯುಧಪೂಜೆಗೆ ಒರೆಸಿ, ಕುಂಕುಮ ಹಚ್ಚಿ, ನೀರು ಹಾಕಿದ್ದೆವು ಅನ್ನಿಸುತ್ತದೆ.

ಮದ್ದೂರ್ ವಡೆ · 11:35

ಕುಂಕುಮ ಮಾತ್ರ ಹಚ್ಚಿರುತ್ತೀರಿ.

ಹೈಡ್ರೋಮೀಟರ್ · 11:48

ಹತ್ತರಲ್ಲಿ ಏಳು ಮನೆಯಲ್ಲಿ ಇದೇ ಉತ್ತರ. ಬೈಯುತ್ತಿಲ್ಲ. ಬ್ಯಾಟರಿ ಮೇಲೆ ಆರು ಮುಚ್ಚಳ ಇರುತ್ತವೆ, ಒಳಗಿನ ಒಂದೊಂದು ಸೆಲ್‌ಗೆ ಒಂದರಂತೆ. ಪ್ರತಿಯೊಂದರಲ್ಲೂ ಒಂದು ಕಡ್ಡಿ ತೇಲುತ್ತಿರುತ್ತದೆ. ಅದು ಕೆಂಪು ಗೆರೆಗಿಂತ ಕೆಳಗೆ ಹೋಗಿದ್ದರೆ ಒಳಗಿನ ಪ್ಲೇಟು ಒಣಗುತ್ತಿದೆ ಎಂದರ್ಥ. ಒಣಗಿದಷ್ಟು ಭಾಗ ಕೆಲಸ ಮಾಡುವುದಿಲ್ಲ. ಬಹಳ ದಿನ ಹಾಗೇ ಬಿಟ್ಟರೆ ಮತ್ತೆ ಸರಿಹೋಗುವುದೂ ಇಲ್ಲ.

ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಆಸಿಡ್ ಹಾಕಬೇಡಿ. ಆವಿಯಾಗಿ ಹೋಗುವುದು ನೀರು, ಆಸಿಡ್ ಒಳಗೇ ಇರುತ್ತದೆ. ಹಾಕಿದ ಮೇಲೆ ಒಂದು ರಾತ್ರಿ ಪೂರ್ತಿ ಚಾರ್ಜ್ ಆಗಲಿ. ಆಮೇಲೆ ಯಾರಾದರೂ ಹೈಡ್ರೋಮೀಟರ್, ಅಂದರೆ ಆಸಿಡ್ ಎಷ್ಟು ಗಟ್ಟಿ ಇದೆ ಎಂದು ಅಳೆಯುವ ಕೊಳವೆ, ಇಟ್ಟು ನೋಡಲಿ. ಆರೂ ಸೆಲ್ 1.240 ಹತ್ತಿರ ತೋರಿಸಿದರೆ ಬ್ಯಾಟರಿ ಬದುಕಿದೆ. ಐದು ಸೆಲ್ ಸರಿಯಿದ್ದು ಒಂದು ಮಾತ್ರ 1.150 ಎಂದರೆ ಆ ಒಂದು ಸೆಲ್ ಮಿಕ್ಕ ಐದನ್ನೂ ಎಳೆದುಕೊಂಡು ಹೋಗುತ್ತದೆ. ಆಗ ಹೊಸದೇ ಗತಿ.

ಚಾಮುಂಡಿಪುರಂ ಅಜ್ಜಿ ಮೊಮ್ಮಗ · ಶನಿವಾರ ಬೆಳಿಗ್ಗೆ 7:15

ಎಸಿಯಿಂದ ತೊಟ್ಟಿಕ್ಕುವ ನೀರು ಡಿಸ್ಟಿಲ್ಡ್ ವಾಟರೇ ಅಲ್ವಾ? ನಾವು ಅದನ್ನೇ ಬಾಟಲಿಗೆ ಹಿಡಿದು ಹಾಕುತ್ತೇವೆ. ಫ್ರೀ.

ಹೈಡ್ರೋಮೀಟರ್ · 7:40

ಬೇಡ ಸಾರ್. ಆವಿಯಾಗಿ ಇಳಿದ ನೀರೇ ನಿಜ. ಆದರೆ ಎಸಿಯ ಒಳಗಿನ ಧೂಳು, ತಾಮ್ರ, ಅಲ್ಯೂಮಿನಿಯಂ ಎಲ್ಲ ತೊಳೆದುಕೊಂಡು ಬರುತ್ತದೆ. ಫಿಲ್ಟರ್ ನೀರೂ ಬೇಡ, ಅದರಲ್ಲೂ ಉಪ್ಪಿನಂಶ ಉಳಿದಿರುತ್ತದೆ. ಬ್ಯಾಟರಿಗೆ ಸಾವಿರಾರು ರೂಪಾಯಿ ಕೊಟ್ಟು ನೀರಿಗೆ ಚೌಕಾಸಿ ಮಾಡುವುದು ಯಾವ ನ್ಯಾಯ?

ಚಾಮುಂಡಿಪುರಂ ಅಜ್ಜಿ ಮೊಮ್ಮಗ · 7:42

ಆರು ವರ್ಷದಿಂದ ಹಾಕುತ್ತಿದ್ದೇನೆ, ಏನೂ ಆಗಿಲ್ಲ.

ಹೈಡ್ರೋಮೀಟರ್ · 7:45

ಎಷ್ಟು ಹೊತ್ತು ಬರುತ್ತದೆ?

ಚಾಮುಂಡಿಪುರಂ ಅಜ್ಜಿ ಮೊಮ್ಮಗ · 7:58

ಇಪ್ಪತ್ತು ನಿಮಿಷ. ಆದರೆ ಅದಕ್ಕೆ ಬೇರೆ ಕಾರಣ ಇರಬಹುದು.

ಹೆಬ್ಬಾಳದ ವರ್ಕ್ ಫ್ರಂ ಹೋಂ · 9:10

ಇನ್ನೂ ನೀರು, ಆಸಿಡ್, ಕುಂಕುಮ ಎನ್ನುತ್ತೀರಲ್ಲ! ಲಿಥಿಯಂ ಹಾಕಿಸಿ, ಮರೆತುಬಿಡಿ. ನಾನು 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಹಾಕಿಸಿ ಎರಡು ವರ್ಷ ಆಯಿತು. ಲ್ಯಾಪ್‌ಟಾಪ್, ಮಾನಿಟರ್, ವೈಫೈ, ಕಡಿಮೆ ಕರೆಂಟು ತಿನ್ನುವ ಒಂದು ಬಿಎಲ್‌ಡಿಸಿ ಫ್ಯಾನ್, ಎಲ್ಲ ಸೇರಿ 150 ವ್ಯಾಟ್. ಆರೂವರೆ ಗಂಟೆ ಬಂದಿದೆ, ಕೈಗಡಿಯಾರ ಇಟ್ಟು ನೋಡಿದ್ದೇನೆ. ನಿಮ್ಮ 150ಕ್ಕಿಂತ ನನ್ನ 100 ಮೇಲು.

ನಿವೃತ್ತ ಮೇಷ್ಟ್ರು · 9:26

ಆರೂವರೆ ನಂಬುತ್ತೇನೆ. 12.8 ವೋಲ್ಟ್ × 100 ಎಂದರೆ 1280 ವ್ಯಾಟ್ ಅವರ್, ಅದರಲ್ಲಿ ಹೆಚ್ಚು ಪಾಲು ನಿಜಕ್ಕೂ ಕೈಗೆ ಸಿಗುತ್ತದೆ. ಜೋರಾಗಿ ಎಳೆದರೂ ಸೀಸದ ಬ್ಯಾಟರಿಯಂತೆ ಕುಗ್ಗುವುದಿಲ್ಲ. ಆದರೆ 150 ವ್ಯಾಟ್‌ಗೆ ಹೊಸ 150 ಎಎಚ್ ಟ್ಯೂಬುಲರ್ ಕೂಡ ಎಂಟು ಗಂಟೆ ಬರುತ್ತದೆ. ನಿಮ್ಮ ಜಾಣತನ ಇರುವುದು ಬ್ಯಾಟರಿಯಲ್ಲಿ ಅಲ್ಲ, ಫ್ಯಾನಿನಲ್ಲಿ. ಬಿಎಲ್‌ಡಿಸಿ 30 ವ್ಯಾಟ್ ಎಳೆಯುತ್ತದೆ, ಹಳೆಯ ಫ್ಯಾನು 75. ಮೇಡಂ ಎರಡು ಫ್ಯಾನ್ ಬದಲಾಯಿಸಿದರೆ 90 ವ್ಯಾಟ್ ಉಳಿತಾಯ. ಅದು ಬ್ಯಾಟರಿಗಿಂತ ಕಡಿಮೆ ಖರ್ಚು.

ಹೆಬ್ಬಾಳದ ವರ್ಕ್ ಫ್ರಂ ಹೋಂ · 9:31

ಆಯಸ್ಸು ನೋಡಿ ಮೇಷ್ಟ್ರೇ. ಎರಡು ಸಾವಿರ ಸಲಕ್ಕೂ ಜಾಸ್ತಿ ಖಾಲಿ ಮಾಡಿ ತುಂಬಿಸಬಹುದು.

ಹೈಡ್ರೋಮೀಟರ್ · 9:44

ಲಿಥಿಯಂ ಒಳ್ಳೆಯದೇ, ನಾನೂ ಹಾಕಿಕೊಡುತ್ತೇನೆ. ಆದರೆ ಹಳೆಯ ಯುಪಿಎಸ್‌ಗೆ ಸುಮ್ನೆ ತಂದು ಸಿಕ್ಕಿಸಬೇಡಿ. ಅದರಲ್ಲಿ ಲಿಥಿಯಂ ಸೆಟ್ಟಿಂಗ್ ಇರಬೇಕು. ಇಲ್ಲದಿದ್ದರೆ ಚಾರ್ಜ್ ಪೂರ್ತಿ ಆಗುವುದಿಲ್ಲ, ಇಲ್ಲವೇ ಬ್ಯಾಟರಿ ಒಳಗಿನ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟ್ ಕರೆಂಟು ಕತ್ತರಿಸುತ್ತದೆ. ಸೀಸದ್ದು ಮುಗಿಯುವ ಮೊದಲು ಅರಚಿ ಹೇಳುತ್ತದೆ. ಲಿಥಿಯಂ ಕೆಲವು ಸಲ ಹೇಳದೆ ಕೇಳದೆ ಹೊರಟುಬಿಡುತ್ತದೆ.

ಮಲ್ಲಿಗೆ ಮೊಗ್ಗು · 11:20

ನಿಮ್ಮ ಜಗಳದ ಮಧ್ಯೆ ಒಂದು ಗಂಭೀರ ಪ್ರಶ್ನೆ. ನಮ್ಮ ಮಾವನವರಿಗೆ ಮನೆಯಲ್ಲೇ ಆಕ್ಸಿಜನ್ ಕಾನ್ಸಂಟ್ರೇಟರ್ ಇಟ್ಟಿದ್ದೇವೆ, 5 ಲೀಟರಿನದು. ಮಂಡ್ಯ ಹೊಸಹಳ್ಳಿಯಲ್ಲಿ ಮನೆ. ಒಂದೇ 150 ಎಎಚ್ ಬ್ಯಾಟರಿ. ರಾತ್ರಿ ಕರೆಂಟು ಹೋದರೆ ಎಷ್ಟು ಹೊತ್ತು ಧೈರ್ಯವಾಗಿ ಇರಬಹುದು?

ಹೈಡ್ರೋಮೀಟರ್ · 11:32

ಅಕ್ಕ, ಅದು ಒಂದೇ 300ರಿಂದ 350 ವ್ಯಾಟ್ ಎಳೆಯುತ್ತದೆ. ಬ್ಯಾಟರಿ ಹೊಸದಿದ್ದರೂ ಮೂರು ಗಂಟೆಗೆ ಮೇಲೆ ನಂಬಬೇಡಿ. ಎರಡು ಮೂರು ವರ್ಷದ್ದಾದರೆ ಎರಡು ಗಂಟೆ. ಮಿಕ್ಕಿದ್ದೆಲ್ಲ ಆಫ್ ಇಟ್ಟರೆ ಮಾತ್ರ ಈ ಲೆಕ್ಕ. ಯುಪಿಎಸ್ ಸೈನ್ ವೇವ್, ಅಂದರೆ ಲೈನ್ ಕರೆಂಟಿನಂತೆ ನುಣುಪಾದ ಅಲೆ ಕೊಡುವುದು, ಆಗಿರಲೇಬೇಕು. ಚೌಕ ವೇವ್‌ನದು ಮೋಟಾರಿಗೆ ಆಗಿಬರುವುದಿಲ್ಲ, ಫ್ಯಾನ್ ಕೂಡ ಗುಂಯ್ ಎನ್ನುತ್ತದೆ.

ನಿವೃತ್ತ ಮೇಷ್ಟ್ರು · 11:36

ಲೆಕ್ಕ ಏನೇ ಹೇಳಲಿ ತಾಯಿ, ತುಂಬಿದ ಒಂದು ಸಿಲಿಂಡರ್ ಮನೆಯಲ್ಲಿರಲಿ. ಡಾಕ್ಟರನ್ನು ಕೇಳಿ, ಸಿಲಿಂಡರಿಗೆ ಬದಲಾಯಿಸುವುದನ್ನು ಮನೆಯ ಇಬ್ಬರಾದರೂ ಕಲಿತಿರಿ. ನಿಮ್ಮ ಬೀದಿಯ ಕರೆಂಟ್ ಆಫೀಸಿಗೂ ಮೊದಲೇ ತಿಳಿಸಿಡಿ. ಕರೆಂಟು ಹೋದರೆ 1912ಕ್ಕೆ ಫೋನ್ ಮಾಡಿ, ರೋಗಿ ಇದ್ದಾರೆ ಎಂದು ಹೇಳಿ.

ಮಲ್ಲಿಗೆ ಮೊಗ್ಗು · 11:50

ಸಿಲಿಂಡರ್ ಇದೆ ಸಾರ್. ಆದರೆ ಬದಲಾಯಿಸುವುದು ನಮ್ಮ ಯಜಮಾನರಿಗೆ ಮಾತ್ರ ಗೊತ್ತು. ಇವತ್ತೇ ಕಲಿಯುತ್ತೇನೆ.

ಬಿಸಿಲು ಕೊಟ್ಟವನು · ಮಧ್ಯಾಹ್ನ 1:05

ನನ್ನ ದಡ್ಡತನವೂ ಕೇಳಿ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 78 ಸಾವಿರ ಸಬ್ಸಿಡಿ ಪಡೆದು ರಾಮಕೃಷ್ಣನಗರದ ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದೆ. ಇನ್ನು ಯುಪಿಎಸ್ ಯಾಕೆ ಎಂದು ಹಳೆಯದನ್ನು ತಂಗಿಗೆ ಕೊಟ್ಟೆ. ವಾರದಲ್ಲೇ ಕರೆಂಟು ಹೋಯಿತು. ನೆತ್ತಿ ಸುಡುವ ಬಿಸಿಲು. ಮೇಲೆ ಆರು ಪ್ಯಾನೆಲ್. ಕೆಳಗೆ ಒಂದು ಬಲ್ಬು ಕೂಡ ಹತ್ತಲಿಲ್ಲ!

ನಿವೃತ್ತ ಮೇಷ್ಟ್ರು · 1:15

ಬ್ಯಾಟರಿ ಇಲ್ಲದೆ ನೇರ ಲೈನಿಗೆ ಜೋಡಿಸಿದ ಆನ್ ಗ್ರಿಡ್ ಸೋಲಾರ್ ಹಾಗೇ. ಕರೆಂಟು ಹೋದ ಕೂಡಲೇ ಅದೂ ನಿಲ್ಲಬೇಕು. ಇಲ್ಲದಿದ್ದರೆ ನಿಮ್ಮ ಮನೆಯ ಕರೆಂಟು ಹಿಂದಕ್ಕೆ ಲೈನಿಗೆ ಹರಿಯುತ್ತದೆ. ಅಲ್ಲಿ ತಂತಿ ಹಿಡಿದಿರುವುದು ಗಾಣದವರ ಭಾವಮೈದ.

ಕಬ್ಬಿನ ಗಾಣ · 1:18

ಹಾಗಾದರೆ ನಿಲ್ಲಲೇಬೇಕು ಬಿಡಿ ಸ್ವಾಮಿ.

ಮಳವಳ್ಳಿ ಮಳೆ · 2:02

ಹೊಟ್ಟೆ ಉರಿಯುವ ಮಾತು ಹೇಳುತ್ತೇನೆ. ನಮ್ಮ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿಯಿಂದ ಕರೆಂಟು ತೆಗೆದರು. ಅದು ಮೊದಲು ಹೋಗಿದ್ದು ಎಲ್ಲಿಗೆ? ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ. ತಂತಿ ನಮ್ಮ ತಲೆಯ ಮೇಲೆ, ನಮಗೆ ಸೀಮೆಎಣ್ಣೆ ಬುಡ್ಡಿ. ಇವತ್ತೂ ಮಳೆ ಬಂದರೆ ಮೊದಲು ಹೋಗುವುದು ನಮ್ಮೂರಿನ ಕರೆಂಟೇ.

ಮದ್ದೂರ್ ವಡೆ · 2:06

ನೂರು ವರ್ಷ ಬ್ಯಾಕಪ್ ಇಲ್ಲದೆ ಬದುಕಿದ ವೀರರು.

ಕಬ್ಬಿನ ಗಾಣ · 2:11

ಪಂಪ್‌ಸೆಟ್ ಲೈನಿನ ತ್ರೀ ಫೇಸ್ ಅರ್ಧರಾತ್ರಿ ಬಂದರೆ ಎದ್ದು ಗದ್ದೆಗೆ ಓಡುತ್ತೇವೆ. ಆ ಹೊತ್ತಿಗೆ ಮನೆಯಲ್ಲಿ ಕರೆಂಟು ಇರುವುದಿಲ್ಲ. ಅದರ ಕತೆ ಬೇರೆ ಬರೆಯಬೇಕು.

ಕುವೆಂಪುನಗರ ಕಾಫಿ · 3:30

ವಿಷಯಕ್ಕೆ ಬನ್ನಿ. ನಮ್ಮ ಫ್ರಿಜ್ ಐದು ವರ್ಷದಿಂದ ಯುಪಿಎಸ್ ಮೇಲೇ ಇದೆ. ಯಾರೂ ಹೆದರಬೇಕಿಲ್ಲ.

ಹೈಡ್ರೋಮೀಟರ್ · 3:41

ಎಷ್ಟನೇ ಬ್ಯಾಟರಿ ಸಾರ್?

ಕುವೆಂಪುನಗರ ಕಾಫಿ · 3:43

ಮೂರನೇದು.

ಹೈಡ್ರೋಮೀಟರ್ · 3:50

ಅಷ್ಟೇ ಕೇಳಬೇಕಿತ್ತು. ಫ್ರಿಜ್ ಓಡುವಾಗ ಎಳೆಯುವುದು ಕಡಿಮೆಯೇ, ಶುರುವಾಗುವ ಗಳಿಗೆಯಲ್ಲಿ ಹಲವು ಪಟ್ಟು ಎಳೆಯುತ್ತದೆ. ಬಾಗಿಲು ತೆಗೆಯದೆ ಬಿಟ್ಟರೆ ಕರೆಂಟಿಲ್ಲದೆಯೂ ನಾಲ್ಕು ಗಂಟೆ ತಣ್ಣಗೇ ಇರುತ್ತದೆ. ಹಾಲಿನ ಮೇಲೆ ನಂಬಿಕೆ ಇಡಿ.

ಜಯನಗರದ ಜಿಪುಣ · 4:15

ಯುಪಿಎಸ್‌ನಿಂದ ಬಿಲ್ಲು ಜಾಸ್ತಿ ಬರುತ್ತದಾ? ಗೃಹಜ್ಯೋತಿಯಲ್ಲಿ ನಮಗೆ ಸಿಗುವ ಯೂನಿಟ್ಟು ಅಂಚಿನಲ್ಲಿದೆ. ಎರಡು ಯೂನಿಟ್ ದಾಟಿದರೂ ಮನೆಯಲ್ಲಿ ವಿಚಾರಣೆ ನಡೆಯುತ್ತದೆ.

ನಿವೃತ್ತ ಮೇಷ್ಟ್ರು · 4:28

ಸುಮ್ನೆ ಪ್ಲಗ್‌ನಲ್ಲಿದ್ದರೂ 15–20 ವ್ಯಾಟ್ ತಿನ್ನುತ್ತದೆ. ತಿಂಗಳಿಗೆ 11ರಿಂದ 14 ಯೂನಿಟ್. ಕರೆಂಟು ಹೋಗಿ ಬಂದಾಗಲೆಲ್ಲ ತುಂಬಿಸಿಕೊಳ್ಳುವುದು ಬೇರೆ.

ಜಯನಗರದ ಜಿಪುಣ · 4:30

ಅಯ್ಯೋ! ಹಗಲು ಆಫ್ ಮಾಡಿಟ್ಟರೆ?

ಹೈಡ್ರೋಮೀಟರ್ · 4:37

ಮಾಡಬೇಡಿ. ಅರ್ಧ ಖಾಲಿಯಾದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಪ್ಲೇಟಿನ ಮೇಲೆ ಬಿಳಿ ಪದರ ಕಟ್ಟಿ ಗಟ್ಟಿಯಾಗುತ್ತದೆ. ಒಮ್ಮೆ ಗಟ್ಟಿಯಾದರೆ ಬಿಡಿಸುವುದು ಕಷ್ಟ. 14 ಯೂನಿಟ್ ಉಳಿಸಲು ಹೋಗಿ ಬ್ಯಾಟರಿ ಕಳೆದುಕೊಂಡವರನ್ನು ತಿಂಗಳಿಗೊಬ್ಬರಂತೆ ನೋಡುತ್ತೇನೆ.

ಬೋಗಾದಿ ಮಹಡಿಮನೆ · ಸಂಜೆ 6:20

ಮುಚ್ಚಳ ನೋಡಿದೆ. ಎರಡು ಕಡ್ಡಿ ಕೆಂಪಿಗಿಂತ ಕೆಳಗೆ, ಮಿಕ್ಕವು ಗಡಿಯಲ್ಲಿ. ಎರಡೂಮುಕ್ಕಾಲು ಲೀಟರ್ ಹಿಡಿಯಿತು. ನಾಚಿಕೆಯಾಯಿತು. ಇನ್ನೊಂದು ವಿಷಯ. ಬ್ಯಾಟರಿ ಇರುವುದು ದೇವರ ಮನೆಯ ಪಕ್ಕದ ಮೂಲೆಯಲ್ಲಿ. ಬಿಸಿಲು ಬೀಳುವುದಿಲ್ಲ ಎಂದು ಅಲ್ಲಿಟ್ಟಿದ್ದೆವು.

ಹೈಡ್ರೋಮೀಟರ್ · 6:26

ದೀಪ ಎಷ್ಟು ದೂರ?

ಬೋಗಾದಿ ಮಹಡಿಮನೆ · 6:27

ಮೂರಡಿ.

ಹೈಡ್ರೋಮೀಟರ್ · 6:33

ಇವತ್ತೇ ಜಾಗ ಬದಲಾಯಿಸಿ ಅಕ್ಕ. ಚಾರ್ಜ್ ಆಗುವಾಗ ಹೈಡ್ರೋಜನ್ ಗ್ಯಾಸ್ ಬರುತ್ತದೆ. ಗಾಳಿ ಆಡುವ ಕಡೆ ಇದ್ದರೆ ತೊಂದರೆಯಿಲ್ಲ, ಮುಚ್ಚಿದ ಮೂಲೆಯಲ್ಲಿ ದೀಪದ ಪಕ್ಕ ಬೇಡವೇ ಬೇಡ. ಒಬ್ಬರೇ ಎತ್ತಲು ಹೋಗಬೇಡಿ, 50 ಕೆ.ಜಿ.ಗೂ ಜಾಸ್ತಿ ಇರುತ್ತದೆ.

ನಿವೃತ್ತ ಮೇಷ್ಟ್ರು · 6:40

ಶೀಟ್ ಮಾಡಿನ ಕೆಳಗೂ ಇಡಬೇಡಿ. ಹತ್ತು ಡಿಗ್ರಿ ಶಾಖ ಏರಿದರೆ ಆಯಸ್ಸು ಅರ್ಧ ಎನ್ನುವುದು ಹಳೆಯ ಲೆಕ್ಕ. ಇಷ್ಟಾದರೂ 50 ನಿಮಿಷ ನನಗಿನ್ನೂ ಕೂರುತ್ತಿಲ್ಲ. ಒಂದು ಕೆಲಸ ಮಾಡಿ. ಬ್ಯಾಟರಿ ತುಂಬಿದ ಮೇಲೆ ಮೇನ್ ಸ್ವಿಚ್ ಆಫ್ ಮಾಡಿ. ಇಡೀ ಮನೆ ಸುತ್ತಿ, ಯಾವ ಯಾವ ಸ್ವಿಚ್ಚು ಹತ್ತುತ್ತದೆ ನೋಡಿ. ನೀವಂದುಕೊಂಡ ಎಂಟಕ್ಕಿಂತ ಜಾಸ್ತಿ ಏನೋ ಇದೆ.

ಬೋಗಾದಿ ಮಹಡಿಮನೆ · ಭಾನುವಾರ ಬೆಳಿಗ್ಗೆ 10:45

ಸಿಕ್ಕಿತು!!

ಮೇನ್ ಆಫ್ ಮಾಡಿ ಮನೆಯೆಲ್ಲ ಸುತ್ತಿದೆ. ಹೊಸದೇನೂ ಇಲ್ಲ. ಅಂಗಳಕ್ಕೆ ಬಂದು ತಲೆಯೆತ್ತಿದರೆ ಮಹಡಿ ರೂಮಿನ ಕಿಟಕಿಯಲ್ಲಿ ಫ್ಯಾನ್ ತಿರುಗುತ್ತಿದೆ! ಎರಡು ವರ್ಷದ ಹಿಂದೆ ಮೇಲೆ ಒಂದು ರೂಮು ಕಟ್ಟಿಸಿ ಬಾಡಿಗೆಗೆ ಕೊಟ್ಟೆವು. ಇಂಜಿನಿಯರಿಂಗ್ ಹುಡುಗ. ಅವತ್ತಿನ ಎಲೆಕ್ಟ್ರಿಷಿಯನ್ ಹತ್ತಿರ ಸಿಕ್ಕ ನಮ್ಮ ಯುಪಿಎಸ್ ಲೈನಿನಿಂದಲೇ ಮೇಲಕ್ಕೆ ತಂತಿ ಎಳೆದಿದ್ದಾನೆ. ಮೇಲಿರುವುದು ಫ್ಯಾನ್, ಟ್ಯೂಬ್‌ಲೈಟ್, ದೊಡ್ಡ ಕಂಪ್ಯೂಟರ್. ಹುಡುಗನನ್ನು ಕೇಳಿದೆ. "ಆಂಟಿ, ನಿಮ್ಮ ಮನೇಲಿ ಕರೆಂಟೇ ಹೋಗಲ್ಲ ಅಂತ ನಮ್ಮ ಫ್ರೆಂಡ್ಸೆಲ್ಲ ಇಲ್ಲಿಗೇ ಓದೋಕೆ ಬರ್ತಾರೆ" ಎಂದ.

ಮದ್ದೂರ್ ವಡೆ · 10:47

😂😂😂 ಮಗಳಿಗೆ ಟಾರ್ಚು, ಬಾಡಿಗೆಯವನ ಫ್ರೆಂಡ್ಸಿಗೆ ಟ್ಯೂಬ್‌ಲೈಟು.

ನಿವೃತ್ತ ಮೇಷ್ಟ್ರು · 10:58

ಈಗ ಕೂತಿತು! ಮೇಲಿನದು ಒಂದು 300, ಕೆಳಗಿನದು 250. ಒಟ್ಟು 550 ವ್ಯಾಟ್. ಬ್ಯಾಟರಿಯಿಂದ 57 ಆಂಪಿಯರ್. ಲೋಡು ಎರಡು ಪಟ್ಟಾದರೆ ಹೊತ್ತು ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಗಾಣದ ಸಿಪ್ಪೆಯ ಕತೆ. ಜೊತೆಗೆ ವಯಸ್ಸು, ನೀರಿಲ್ಲದ ಎರಡು ಸೆಲ್. 50 ನಿಮಿಷ ಬಂದಿದ್ದೇ ಹೆಚ್ಚು.

ಹೈಡ್ರೋಮೀಟರ್ · 11:09

ತಂತಿ ಬಿಡಿಸುವಾಗ ನ್ಯೂಟ್ರಲ್ (ಕರೆಂಟು ವಾಪಸ್ ಹೋಗುವ ತಂತಿ) ಕೂಡ ಬೇರೆ ಮಾಡಿಸಿ. ಮೇನ್ ನ್ಯೂಟ್ರಲ್ಲು, ಯುಪಿಎಸ್ ನ್ಯೂಟ್ರಲ್ಲು ಒಂದಕ್ಕೊಂದು ಸೇರಿಸಿದ್ದರೆ ಆಮೇಲೆ ಬೇರೆ ತಲೆನೋವು.

ಜಯನಗರದ ಜಿಪುಣ · 11:12

ಎರಡು ವರ್ಷದ ಕರೆಂಟು ದುಡ್ಡು ವಸೂಲಿ ಮಾಡಿ.

ಕಬ್ಬಿನ ಗಾಣ · 11:15

ಓದೋ ಹುಡುಗ, ಬಿಡಿ. ತಪ್ಪು ತಂತಿ ಎಳೆದವನದು.

ಬೋಗಾದಿ ಮಹಡಿಮನೆ · ಗುರುವಾರ ರಾತ್ರಿ 9:50

ಬೇರೆ ಎಲೆಕ್ಟ್ರಿಷಿಯನ್ ಬಂದು ತಂತಿ ಬಿಡಿಸಿದರು. ಹುಡುಗನಿಗೆ ಯುಪಿಎಸ್‌ನಿಂದ ಒಂದು ಬಲ್ಬು ಮಾತ್ರ ಉಳಿಸಿದ್ದೇವೆ. ಹೈಡ್ರೋಮೀಟರ್ ಇಟ್ಟೂ ನೋಡಿದರು. ನಾಲ್ಕು ಸೆಲ್ 1.230, ಒಣಗಿದ್ದ ಎರಡು 1.200. ಇವತ್ತು ಕರೆಂಟು ಹೋಗಿತ್ತು. ಎರಡು ಗಂಟೆ 25 ನಿಮಿಷ ಬಂತು. ಹೊಸದು ಸದ್ಯಕ್ಕೆ ಬೇಡ ಅಲ್ವಾ?

ಹೈಡ್ರೋಮೀಟರ್ · 10:04

ಬೇಡ. ಆ ಎರಡು ಸೆಲ್ ಮೇಲೆ ಕಣ್ಣಿಡಿ. ಎರಡು ತಿಂಗಳಿಗೊಮ್ಮೆ ಕಡ್ಡಿ ನೋಡಿ. ಎಷ್ಟು ಬರುತ್ತದೆ ಎಂದು ಬೇಕಂತಲೇ ಪೂರ್ತಿ ಖಾಲಿ ಮಾಡಿ ಪರೀಕ್ಷೆ ಮಾಡಬೇಡಿ, ಒಂದೊಂದು ಸಲಕ್ಕೂ ಆಯಸ್ಸು ಕರಗುತ್ತದೆ. ಮುಂದೆ ಬದಲಾಯಿಸುವಾಗ ಹಳೆಯದನ್ನು ಗುಜರಿಗೆ ಹಾಕಬೇಡಿ. ಒಳಗಿರುವುದು ಸೀಸ. ಹೊಸದು ಕೊಡುವ ಅಂಗಡಿಗೇ ಕೊಡಿ, ಬೆಲೆಯಲ್ಲಿ ಕಳೆಯುತ್ತಾರೆ.

ಮದ್ದೂರ್ ವಡೆ · 10:06

ಮಹಡಿ ಹುಡುಗನ ಸ್ಟಡಿ ಸೆಂಟರ್ ಬಂದ್ ಆಯ್ತಾ?

ಬೋಗಾದಿ ಮಹಡಿಮನೆ · 10:09

ಇವತ್ತು ಫ್ಯಾನ್ ನಿಂತ ಕೂಡಲೇ ಬಾಗಿಲು ತಟ್ಟಿದ. ಅಮ್ಮ ತಮ್ಮ ಬೀಸಣಿಗೆ ಕೊಟ್ಟು ಕಳಿಸಿದರು.